ಹೊಸ ಡೆಕ್ಕಿಗೆ ನಾನು ಕೊಟ್ಟ ಅಂಕಗಳು

ಆ ವರ್ಷದ ನನ್ನ ಡೈರಿಯ ಹದಿನೇಳನೆಯ ಪುಟ ಬೇರೆ ಪುಟಗಳಿಗಿಂತ ಹೆಚ್ಚು ನಲುಗಿದೆ. ಅದರಲ್ಲೊಂದು ಪಟ್ಟಿ ಇದೆ. ಮೇಲ್ಗಡೆ ಮೂರು ಕ್ಯಾಸೆಟ್ ಡೆಕ್ಕುಗಳು, ಎಡಗಡೆ ಆರು ಗುಣಗಳು: ಸ್ಪಷ್ಟತೆ, ಧ್ವನಿಯ ಹೊಳಪು, ಕೆಳಸ್ವರದ ತುಂಬು, ಹಿನ್ನೆಲೆಯ ಸುಯ್ ಸದ್ದು, ವಾರಂಟಿ, ಬೆಲೆ. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ. ಮೂರನೆಯ ಡೆಕ್ಕಿನ ಕೆಳಗೆ ಕೆಂಪು ಶಾಯಿಯಲ್ಲಿ ಐವತ್ತೊಂದು ಎಂದು ಬರೆದು ಸುತ್ತ ಗೆರೆ ಎಳೆದಿದ್ದೇನೆ. ಪುಟದ ಅಂಚಿನಲ್ಲಿ ಪೆನ್ಸಿಲಿನ ಒಂದು ಸಾಲು: ‘ಅಮ್ಮ ಹೇಳಿದ್ದು – ಟೀಚರು ಚಿಕ್ಕವರಾದ ಹಾಗಿದೆ.’ ಅದಕ್ಕೆ ಅಂಕವಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾವು ದುಬೈಯ ಅಲ್ ಕುಸೈಸಿನಲ್ಲಿ, ಮೂರನೆಯ ಮಹಡಿಯ ಒಂದು ಫ್ಲಾಟಿನಲ್ಲಿ ಇದ್ದೆವು. ನಾನು ಹನ್ನೊಂದನೆಯ ತರಗತಿ. ಅಪ್ಪ ದೇರಾದ ಒಂದು ಸರಕು ಸಾಗಣೆ ಕಂಪನಿಯಲ್ಲಿ ಗುಮಾಸ್ತರು. ಪ್ರತಿ ಜನವರಿ ಕಚೇರಿಯಲ್ಲಿ ಮಿಕ್ಕಿದ ಡೈರಿಯೊಂದನ್ನು ನನಗೆ ತಂದುಕೊಡುತ್ತಿದ್ದರು. ನಾನು ಅದರಲ್ಲಿ ಮನಸ್ಸಿನ ಮಾತುಗಳನ್ನು ಬರೆದದ್ದು ಕಡಿಮೆ. ಲಿಫ್ಟು ಕೆಟ್ಟ ದಿನಗಳು, ಸ್ಕೂಲ್ ಬಸ್ಸು ತಡವಾದ ನಿಮಿಷಗಳು, ಮನೆಗೆ ಬಂದುಹೋದ ನೆಂಟರಿಷ್ಟರು, ಇಂಥವನ್ನು ಎಣಿಸಿ ಬರೆಯುತ್ತಿದ್ದೆ. ಅಪ್ಪ ನನ್ನನ್ನು ‘ಆಡಿಟರಮ್ಮ’ ಎಂದು ಕರೆಯುತ್ತಿದ್ದರು. ಬೈಯುವಾಗಲೂ ಅದೇ ಹೆಸರು, ಮುದ್ದು ಮಾಡುವಾಗಲೂ ಅದೇ.

ಅಮ್ಮನದು ಸಂಗೀತ. ಮದುವೆಗೆ ಮುಂಚೆ ಮೈಸೂರಿನಲ್ಲಿ ಒಬ್ಬ ಟೀಚರ ಬಳಿ ಹಾಡುಗಾರಿಕೆ ಕಲಿತು ಸೀನಿಯರ್ ಪರೀಕ್ಷೆಯವರೆಗೆ ಬಂದಿದ್ದರು. ವಿದ್ವತ್ ಪರೀಕ್ಷೆಗೆ ಕೂರಬೇಕೆನ್ನುವಷ್ಟರಲ್ಲಿ ಮದುವೆ, ವೀಸಾ, ವಿಮಾನ. ಹದಿನೆಂಟು ವರ್ಷಗಳ ಮೇಲೆ, ಒಂದು ರಜೆಯಲ್ಲಿ ಟೀಚರ ಮನೆಗೆ ಹೋದಾಗ ಅವರೇ ಹೇಳಿದರಂತೆ, “ಎದುರಿಗೆ ಕೂತೇ ಕಲೀಬೇಕು ಅಂತೇನಿಲ್ಲ ಹುಡುಗಿ, ಕ್ಯಾಸೆಟ್ಟಲ್ಲಿ ಹೇಳ್ಕೊಡ್ತೀನಿ.” ಅಮ್ಮನಿಗೆ ಆಗ ಮೂವತ್ತೊಂಬತ್ತು. ಟೀಚರಿಗೆ ಅವರು ಇನ್ನೂ ಹುಡುಗಿಯೇ.

ಪಾಠ ನಡೆಯುತ್ತಿದ್ದುದು ಹೀಗೆ. ಟೀಚರು ಪ್ರತಿ ಸಾಲನ್ನೂ ಎರಡು ಸಲ ಹಾಡಿ, ಅಮ್ಮ ಹಾಡಿಕೊಳ್ಳಲೆಂದು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಹಿಂದಿನಿಂದ ತಂಬೂರಿ ಮಾತ್ರ ಕೇಳುತ್ತಿತ್ತು. ಊರಿನಿಂದ ಬರುವವರು ಯಾರಾದರೂ ಆ ಕ್ಯಾಸೆಟ್ಟುಗಳನ್ನು ಉಪ್ಪಿನಕಾಯಿ ಡಬ್ಬಿಯ ಜೊತೆ ತಂದು ಮುಟ್ಟಿಸುತ್ತಿದ್ದರು. ಅಮ್ಮ ಕಲಿತದ್ದನ್ನು ಬೇರೆ ಕ್ಯಾಸೆಟ್ಟಿನಲ್ಲಿ ಹಾಡಿ, ಹೋಗುವವರ ಕೈಯಲ್ಲಿ ಕಳಿಸುತ್ತಿದ್ದರು. ಟೀಚರು ಅದನ್ನು ಕೇಳಿ ತಪ್ಪು ತಿದ್ದಿ ಕಾಗದ ಬರೆಯುತ್ತಿದ್ದರು. ಹೊಸ ಕ್ಯಾಸೆಟ್ಟು ಬಂದರೆ ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡೇ ಯಂತ್ರಕ್ಕೆ ಹಾಕುತ್ತಿದ್ದರು. ಅದು ಓಡುವಾಗ ಮಂಚದ ಮೇಲಾಗಲಿ ಕುರ್ಚಿಯ ಮೇಲಾಗಲಿ ಕೂರುತ್ತಿರಲಿಲ್ಲ. ಕೆಳಗೆ ಚಾಪೆ.

ನನ್ನ ಪಾಲಿನ ಕೆಲಸವೂ ಒಂದಿತ್ತು. ನಮ್ಮ ಹಳೆಯ ಟೂ-ಇನ್-ಒನ್‌ನಲ್ಲಿ ಅಂಕಿ ತೋರಿಸುವ ಚಕ್ರ ಮುರಿದುಹೋಗಿತ್ತು. ಯಾವ ಕೃತಿ ಎಲ್ಲಿ ಶುರುವಾಗುತ್ತದೆಂದು ಗೊತ್ತಾಗದೆ ಅಮ್ಮ ಟೇಪನ್ನು ಹಿಂದೆ ಮುಂದೆ ಓಡಿಸಿ ಬೇಸರಪಡುತ್ತಿದ್ದರು. ಹಾಗಾಗಿ ಪ್ರತಿ ಕ್ಯಾಸೆಟ್ಟನ್ನೂ ಒಂದು ಸಲ ಪೂರ್ತಿ ಓಡಿಸಿ, ನನ್ನ ಕೈಗಡಿಯಾರ ನೋಡಿಕೊಂಡು, ಇಂಥ ಕೃತಿ ಇಷ್ಟನೆಯ ನಿಮಿಷಕ್ಕೆ, ಬದಿ ಮುಗಿದದ್ದು ಇಷ್ಟಕ್ಕೆ ಎಂದು ಬರೆದಿಡುತ್ತಿದ್ದೆ.

ಆ ವರ್ಷದ ಜೂನ್ ಕೊನೆಗೆ ಅಮ್ಮನ ವಿದ್ವತ್ ಪರೀಕ್ಷೆ ಎಂದು ತೀರ್ಮಾನವಾದಾಗ ಅಪ್ಪ ಹೇಳಿದರು, “ಇನ್ನು ಈ ಗೊರಗೊರ ಡಬ್ಬದಲ್ಲಿ ಕಲಿತದ್ದು ಸಾಕು. ಒಂದೊಂದಾಗಿ ಒಳ್ಳೇದು ತಗೊಳ್ಳೋಣ.” ಒಂದೊಂದಾಗಿ ಎಂದರೆ ಅಪ್ಪನ ಲೆಕ್ಕದಲ್ಲಿ ಆರು ತಿಂಗಳಿಗೊಂದು. ಕೆಲಸ ಖಲಾಸ್ ಮಾಡಿ ಊರಿಗೆ ಹೊರಟ ಸಹೋದ್ಯೋಗಿಯೊಬ್ಬರಿಂದ ಹಳೆಯ ಆಂಪ್ಲಿಫೈಯರೂ ಎರಡು ಸಣ್ಣ ಸ್ಪೀಕರುಗಳೂ ಆಗಲೇ ನಮ್ಮ ಮನೆಗೆ ಬಂದಿದ್ದವು. ಮೊದಲು ಡೆಕ್ಕು, ಆಮೇಲೆ ಸ್ಪೀಕರು, ಕೊನೆಗೆ ಆಂಪ್ಲಿಫೈಯರು. ಡೆಕ್ಕಿಗೆ ನಾನೂರ ಐವತ್ತು ದಿರಂ ಮೀರುವಂತಿಲ್ಲ.

ಜನವರಿ ಹತ್ತೊಂಬತ್ತು, ಗುರುವಾರ ಸಂಜೆ. ದೇರಾದ ಒಂದು ಅಂಗಡಿಗೆ ಮೂವರೂ ಹೋದೆವು. ನಾನು ಪಟ್ಟಿ ಎಳೆದುಕೊಂಡೇ ಹೋಗಿದ್ದೆ. ಹೋಲಿಕೆ ನ್ಯಾಯವಾಗಿರಲೆಂದು ಟೀಚರ ಒಂದು ಹಳೆಯ ಕ್ಯಾಸೆಟ್ಟನ್ನೇ ಮೂರೂ ಡೆಕ್ಕುಗಳಲ್ಲಿ ಹಾಕಿಸಿದೆ. ಅದೇ ಕಲ್ಯಾಣಿ ರಾಗದ ಕೃತಿ, ಅದೇ ಸ್ಪೀಕರು, ಅದೇ ವಾಲ್ಯೂಮು. ಹೊರಗೆ ಕಾರುಗಳ ಹಾರ್ನು, ಒಳಗೆ ಇನ್ನೊಂದು ಮೂಲೆಯಲ್ಲಿ ಟೀವಿಗಳ ಗದ್ದಲ. ಮೊದಲನೆಯದು ಮಂಕಾಗಿತ್ತು. ಎರಡನೆಯದು ಚೆನ್ನಾಗಿತ್ತು, ಆದರೆ ಐನೂರ ಐವತ್ತು. ಮೂರನೆಯದನ್ನು ಹಚ್ಚುವ ಮುಂಚೆ ಅಂಗಡಿಯವನು ಚಹಾ ತರಿಸಿದ. ಕುಡಿದು ಮುಗಿಸಿ ಕೇಳಿದರೆ ಕಿಟಕಿ ತೆರೆದ ಹಾಗಾಯಿತು. ಟೀಚರ ಧ್ವನಿ ಚುರುಕಾಗಿ, ಹೊಳೆಯುತ್ತಾ ಎದ್ದು ಬಂತು.

“ಟೀಚರು ಚಿಕ್ಕವರಾದ ಹಾಗಿದೆ ಅಲ್ವಾ?” ಎಂದರು ಅಮ್ಮ.

ಅಪ್ಪನಿಗೆ ಅಷ್ಟು ಸಾಕಾಯಿತು. “ನೋಡು, ದುಡ್ಡು ಕೊಟ್ರೆ ಯೌವನಾನೂ ಸಿಗುತ್ತೆ ಈ ಊರಲ್ಲಿ. ನನಗೂ ಒಂದು ಕೊಡಿಸ್ಬಿಡು.”

“ನಿಮಗೆ ಯಾವ ಡೆಕ್ಕೂ ಸಾಲದು,” ಎಂದರು ಅಮ್ಮ.

ನಾನು ನಗುತ್ತಲೇ ಅಮ್ಮನ ಮಾತನ್ನು ಅಂಚಿನಲ್ಲಿ ಬರೆದುಕೊಂಡು, ‘ಹೊಳಪು’ ಎಂಬಲ್ಲಿ ಒಂಬತ್ತು ಕೊಟ್ಟೆ. ಅದು ಷೋಕೇಸಿನಲ್ಲಿ ಇಟ್ಟಿದ್ದ ಪೀಸು, ನಾನೂರಕ್ಕೆ ಕೊಡುತ್ತೇನೆ, ಆದರೆ ಡಬ್ಬ ಇಲ್ಲ ಎಂದ ಅಂಗಡಿಯವನು. ಅಪ್ಪ ಹಿಂಜರಿದದ್ದು ಅದೊಂದಕ್ಕೇ. “ಡಬ್ಬ ಇಲ್ದೆ ಮುಂದೆ ಊರಿಗೆ ಹೇಗೆ ತಗೊಂಡು ಹೋಗೋದು?” ನಮ್ಮ ಬೀರುಗಳ ಮೇಲೆಲ್ಲ ಹಾಗೆ ಊರಿಗೆ ಹೋಗಲು ಕಾದಿದ್ದ ಖಾಲಿ ಡಬ್ಬಗಳೇ. ಕೊನೆಗೆ ನನ್ನತ್ತ ತಿರುಗಿ, “ಏನಮ್ಮ ಆಡಿಟರಮ್ಮ, ಯಾರು ಪಾಸು?” ಎಂದರು. “ಮೂರನೇದು, ಐವತ್ತೊಂದು,” ಎಂದೆ. “ಡಿಸ್ಟಿಂಕ್ಷನ್ನು! ಯಲ್ಲಾ, ನಡಿ, ಕಟ್ಟಿಸು,” ಎಂದರು.

ಹಳೆಯ ಟೂ-ಇನ್-ಒನ್ ಆ ವಾರವೇ ಊರಿಗೆ ಹೊರಟಿದ್ದ ಅಪ್ಪನ ಪರಿಚಯದವರ ಸಾಮಾನಿನೊಂದಿಗೆ ಹೋಯಿತು. ಮರುವಾರ, ಪರೀಕ್ಷೆಗೆಂದೇ ಟೀಚರು ಹಾಡಿ ಕಳಿಸಿದ ಆರು ಹೊಸ ಕ್ಯಾಸೆಟ್ಟುಗಳು ಬಂದವು.

ಇಲ್ಲಿ ಶ್ರುತಿಯ ವಿಷಯ ಸ್ವಲ್ಪ ಹೇಳಬೇಕು. ಹಾಡುವವರು ತಮ್ಮ ಗಂಟಲಿಗೆ ಹೊಂದುವ ಒಂದು ಆಧಾರ ಸ್ವರವನ್ನು ಹಿಡಿದುಕೊಂಡಿರುತ್ತಾರೆ. ಅದನ್ನು ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕದಲ್ಲಿ ಹೇಳುವುದು ರೂಢಿ. ಅಮ್ಮನದು ಯಾವಾಗಲೂ ಐದು ಮನೆ. ಅವರ ಕರೆಂಟಿನ ಶ್ರುತಿಪೆಟ್ಟಿಗೆಯ ತಿರುಗುಗುಂಡಿಯ ಪಕ್ಕದಲ್ಲಿ ಐದಕ್ಕೆ ಒಂದು ಪೆನ್ಸಿಲ್ ಗೀಟು ಇತ್ತು, ಅಲ್ಲಿಂದ ಅದು ಕದಲಿದ್ದನ್ನು ನಾನು ನೋಡಿರಲಿಲ್ಲ. ಹೊಸ ಕ್ಯಾಸೆಟ್ಟು ಹಾಕಿ, ಅದರ ತಂಬೂರಿಗೆ ಶ್ರುತಿಪೆಟ್ಟಿಗೆಯನ್ನು ಕೂಡಿಸಲು ಹೋದ ಅಮ್ಮ ಗುಂಡಿಯನ್ನು ಗೀಟಿನಿಂದ ಮುಂದಕ್ಕೆ ತಿರುಗಿಸಿದರು. ಐದೂವರೆ.

“ಪರೀಕ್ಷೆಗೆ ಅಂತ ಟೀಚರು ಅರ್ಧ ಮನೆ ಏರಿಸಿದ್ದಾರೆ,” ಎಂದರು. ಮತ್ತೆ ತಾವೇ, “ಏನೋ ಕಾರಣ ಇರುತ್ತೆ,” ಎಂದರು.

“ಕೇಳಿದ್ರಾಯ್ತಲ್ಲಮ್ಮ ಫೋನಲ್ಲಿ?”

“ಅವರನ್ನ ಯಾಕೆ ಏರಿಸಿದ್ರಿ ಅಂತ ಕೇಳೋಕಾಗುತ್ತೇನೇ? ಹೇಳ್ಕೊಟ್ಟಿದ್ದನ್ನ ಹಾಡೋದು ನನ್ನ ಕೆಲಸ.”

ಇನ್ನೊಂದು ಬದಲಾವಣೆಯೂ ಆಯಿತು. ನಮ್ಮ ಹಾಲಿನ ಕಿಟಕಿಯ ಏ.ಸಿ. ದಿನವಿಡೀ ಒಂದೇ ಸಮನೆ ಗುಂಯ್ ಎನ್ನುತ್ತಿತ್ತು. ಆ ಗುಂಯ್ ಹೆಚ್ಚುಕಡಿಮೆ ಅಮ್ಮನ ಐದು ಮನೆಯ ಹತ್ತಿರದ್ದೇ. ‘ಇನ್ನೊಂದು ತಂಬೂರಿ ಇದ್ದ ಹಾಗೆ’ ಎಂದು ಅವರು ಅದನ್ನು ಹಾಕಿಕೊಂಡೇ ಅಭ್ಯಾಸ ಮಾಡುತ್ತಿದ್ದರು. ಈಗ ಅದು ಕಿವಿಗೆ ಚುಚ್ಚುತ್ತದೆಂದು ಆರಿಸಲು ಶುರುಮಾಡಿದರು. ಫೆಬ್ರವರಿಯಲ್ಲಿ ತೊಂದರೆಯಿರಲಿಲ್ಲ. ಏಪ್ರಿಲ್ ಹೊತ್ತಿಗೆ, ಮಧ್ಯಾಹ್ನದ ಅಭ್ಯಾಸ ಮುಗಿಸಿ ಏಳುವಾಗ ಅವರ ಬೆನ್ನಿನ ರವಿಕೆ ಪೂರಾ ಒದ್ದೆ.

ಕಷ್ಟ ಮೇಲಿನ ಸ್ವರಗಳಲ್ಲಿ. ತಾರಸ್ಥಾಯಿಯ ಪಂಚಮಕ್ಕೆ ಹೋಗುವಾಗ ಧ್ವನಿ ಒಡೆಯುತ್ತಿತ್ತು. ಟೀಚರ ವೇಗಕ್ಕೆ ಸ್ವರ ಹಾಕಲು ಉಸಿರು ಸಾಲುತ್ತಿರಲಿಲ್ಲ. ಅಮ್ಮ ನಿಲ್ಲಿಸಿ, ಬಿಸಿನೀರು ಕುಡಿದು, ಮತ್ತೆ ಅದೇ ಸಾಲು. ಪಕ್ಕದ ಕೋಣೆಯಲ್ಲಿ ಓದುತ್ತಾ ಕೂತ ನಾನು ಆ ನಿಲ್ಲಿಸುವಿಕೆಗಳನ್ನೂ ಗೀಟು ಹಾಕಿ ಎಣಿಸಿದೆ. ಎಣಿಸುವುದು ನನಗೆ ಅಭ್ಯಾಸವಾಗಿತ್ತು. ಒಂದು ದಿನಕ್ಕೆ ಹೆಚ್ಚೆಂದರೆ ಫೆಬ್ರವರಿಯಲ್ಲಿ ಹನ್ನೊಂದು, ಮಾರ್ಚಿನಲ್ಲಿ ಇಪ್ಪತ್ತೊಂಬತ್ತು, ಏಪ್ರಿಲಿನಲ್ಲಿ ನಲವತ್ತಾರು.

ಮಾರ್ಚ್ ಕೊನೆಗೆ ಟೀಚರ ಕಾಗದ ಬಂತು. ಅಮ್ಮ ಹಾಡಿ ಕಳಿಸಿದ್ದ ಕ್ಯಾಸೆಟ್ಟು ಕೇಳಿದ್ದರು. ‘ಶ್ರುತಿ ಸರಿ, ತಾಳ ಸರಿ, ಕಾಲಪ್ರಮಾಣ ಚೆನ್ನಾಗಿದೆ. ಆದರೆ ಧ್ವನಿ ಯಾಕೆ ಇಷ್ಟು ದಪ್ಪಗಾಗಿದೆ? ಶೀತವೇ? ಗಂಟಲು ನೋಡಿಕೋ.’ ಶೀತವೇನೂ ಆಗಿರಲಿಲ್ಲ. ಅಮ್ಮ ಕಾಗದವನ್ನು ಮಡಿಚಿ, “ಅವರಿಗೂ ಗೊತ್ತಾಗಿದೆ,” ಎಂದರು. ಗೊತ್ತಾಗಿದ್ದು ಏನು ಎಂದು ನಾನು ಕೇಳಲಿಲ್ಲ. ತಮ್ಮ ಕಂಠ ಹೋಯಿತೆಂದು ಅವರು ನಂಬಲು ಆ ಒಂದು ಸಾಲು ಸಾಕಾಗಿತ್ತು.

ಅಪ್ಪನ ಅನುಮಾನ ಬೇರೆಯದರ ಮೇಲೆ. “ನನಗೆ ಕೇಳಿದ್ರೆ ತಪ್ಪೆಲ್ಲ ಸ್ಪೀಕರಿನದು. ಟೀಚರು ಕಿರುಚಿದ ಹಾಗೆ ಕೇಳುತ್ತೆ, ಇವಳೂ ಹಾಗೇ ಕಿರುಚೋಕೆ ಹೋಗ್ತಾಳೆ. ಅರಚೋ ಸ್ಪೀಕರು ಇಟ್ಕೊಂಡು ಮೆತ್ತಗೆ ಹೇಗೆ ಹಾಡೋದು?” ಜುಲೈಗೆ ಎಂದಿದ್ದ ಸ್ಪೀಕರನ್ನು ಮೇ ತಿಂಗಳಿಗೇ ತರುವುದೆಂದಾಯಿತು. ಆರುನೂರು ದಿರಂ ಎತ್ತಿಟ್ಟರು. ನಾನು ಮತ್ತೆ ಪಟ್ಟಿ ಎಳೆಯಲು ಕೂತೆ. ಮರದ ಪೆಟ್ಟಿಗೆಯದೇ, ಪ್ಲಾಸ್ಟಿಕ್ಕಿನದೇ, ಎಂಟಂಗುಲವೇ, ಆರಂಗುಲವೇ, ಹಳೆಯ ಆಂಪ್ಲಿಫೈಯರು ಅದನ್ನು ಎಳೆಯುತ್ತದೆಯೇ. ಕಿರುಚುವ ಡೆಕ್ಕಿಗೆ ಮಂದವಾದ ಸ್ಪೀಕರು ಜೋಡಿಯಾದೀತೆಂದು ಎಲ್ಲೋ ಕೇಳಿದ್ದೆ, ಅದಕ್ಕೂ ಒಂದು ಸಾಲು ಹಾಕಿದೆ.

ಏಪ್ರಿಲ್ ಮೂವತ್ತು, ಭಾನುವಾರ. ಶಾಲೆಯಿಂದ ಬಂದಾಗ ಅಮ್ಮ ನನ್ನ ಮೇಜಿನ ಮುಂದೆ ನಿಂತಿದ್ದರು. ಡೈರಿ ತೆರೆದಿತ್ತು, ಗೀಟುಗಳ ಪುಟ. ಮೇಲೆ ನನ್ನದೇ ಅಕ್ಷರದಲ್ಲಿ, ಅಡಿಗೆರೆ ಹಾಕಿ ಬರೆದಿತ್ತು: ‘ಅಮ್ಮ ನಿಲ್ಲಿಸಿದ್ದು.’

“ಎಣಿಸ್ತಾ ಇದ್ಯಾ?” ಎಂದರು.

ನಾನು ಶಾಲೆಯ ಚೀಲವನ್ನು ಹೆಗಲಿಂದ ಇಳಿಸಿದೆ.

“ಒಳ್ಳೇದೇ ಆಯ್ತು ಬಿಡು. ನನಗೂ ಲೆಕ್ಕ ಸಿಕ್ತು.” ಬೈಗುಳ ಇರಲಿಲ್ಲ. ಪುಟದ ಮೇಲೆ ಕೈಯಾಡಿಸಿ, ಡೈರಿ ಮುಚ್ಚಿ, ಅಡುಗೆಮನೆಗೆ ಹೋದರು. ಅವತ್ತು ಅಭ್ಯಾಸ ಮಾಡಲಿಲ್ಲ. ಮಾರನೆಯ ದಿನ ಟೀಚರಿಗೆ ಕಾಗದ ಬರೆದರು. ಗಂಟಲು ಕೈಕೊಟ್ಟಿದೆ, ಈ ವಯಸ್ಸಿನಲ್ಲಿ ಇದು ಆಗುವ ಕೆಲಸವಲ್ಲ, ಪರೀಕ್ಷೆಯ ಪಟ್ಟಿಯಿಂದ ನನ್ನ ಹೆಸರು ತೆಗೆಸಿಬಿಡಿ, ಕ್ಷಮಿಸಿ. ಅಂಟಿಸುವ ಮುಂಚೆ ಅಪ್ಪನಿಗೆ ಓದಿ ಹೇಳಿದರು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡು, “ಕಚೇರಿಯಿಂದ ಪೋಸ್ಟ್ ಮಾಡ್ತೀನಿ, ಕೊಡು,” ಎಂದು ಬ್ಯಾಗಿನಲ್ಲಿ ಇಟ್ಟುಕೊಂಡರು.

ಮೇ ನಾಲ್ಕು, ಗುರುವಾರ. ಸ್ಪೀಕರಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ, ಆದರೂ ಅರ್ಧಕ್ಕೆ ಬಿಟ್ಟ ಪಟ್ಟಿ ನನ್ನನ್ನು ಕಾಡುತ್ತಿತ್ತು. ಪರೀಕ್ಷೆ ನಿಲ್ಲಿಸಿದರೂ ಅಮ್ಮ ಹಾಡುವುದನ್ನು ನಿಲ್ಲಿಸದಿದ್ದರೆ ಸಾಕು, ಒಳ್ಳೆಯ ಸ್ಪೀಕರು ಬಂದರೆ ಕೂತಾರು ಎಂದು ಏನೋ ಆಸೆ. ಜನವರಿಯಲ್ಲಿ ಅಂಗಡಿಗೆ ಒಯ್ದಿದ್ದ ಕ್ಯಾಸೆಟ್ಟನ್ನೇ ಈ ಸಲವೂ ಒಯ್ಯಬೇಕಿತ್ತು. ಕಲ್ಯಾಣಿ ಎಷ್ಟನೆಯ ನಿಮಿಷಕ್ಕೆ ಎಂದು ನೋಡಲು ಹಳೆಯ ಡೈರಿ ತೆಗೆದೆ. ಹನ್ನೆರಡು ನಿಮಿಷ ಮೂವತ್ತು ಸೆಕೆಂಡು. ಟೇಪನ್ನು ಮೊದಲಿಗೆ ತಂದು, ಪ್ಲೇ ಒತ್ತಿ, ಗಡಿಯಾರ ನೋಡುತ್ತಾ ಕೂತೆ. ಹನ್ನೆರಡು ನಿಮಿಷ ತುಂಬುವ ಮುಂಚೆಯೇ ಟೀಚರು ಕಲ್ಯಾಣಿ ಎತ್ತಿಕೊಂಡುಬಿಟ್ಟರು.

ಬರೆದುಕೊಂಡದ್ದು ತಪ್ಪಿರಬೇಕು ಎಂದುಕೊಂಡೆ. ನನ್ನ ಅಂಕಿ ತಪ್ಪುವುದು ನನಗೆ ಸಹಿಸದ ವಿಷಯ. ಬದಿ ಮುಗಿಯುವವರೆಗೂ ಬಿಟ್ಟೆ. ಹಳೆಯ ಡೈರಿಯಲ್ಲಿ ಮೂವತ್ತು ನಿಮಿಷ ನಲವತ್ತು ಸೆಕೆಂಡು. ಈಗ ಇಪ್ಪತ್ತೆಂಟು ನಿಮಿಷ ಐವತ್ತಾರು ಸೆಕೆಂಡು. ಇನ್ನೊಂದು ಹಳೆಯ ಕ್ಯಾಸೆಟ್ಟು ಹಾಕಿದೆ. ಅದೂ ಒಂದೂಮುಕ್ಕಾಲು ನಿಮಿಷ ಮುಂಚೆಯೇ ಮುಗಿಯಿತು. ಒಂದೇ ಟೇಪು, ಒಂದೇ ಹಾಡು, ಒಂದೇ ಗಡಿಯಾರ. ಬದಲಾದದ್ದು ಡೆಕ್ಕು. ಅದು ವೇಗವಾಗಿ ಓಡುತ್ತಿತ್ತು. ಟೇಪು ವೇಗವಾಗಿ ಓಡಿದರೆ ಹಾಡು ಬೇಗ ಮುಗಿಯುತ್ತದೆ, ಶ್ರುತಿಯೂ ಏರುತ್ತದೆ. ಇಷ್ಟು ನನಗೆ ಗೊತ್ತಿತ್ತು. ಗುಂಡಿ ಒತ್ತಿ ಹಾಡನ್ನು ಓಡಿಸಿ ಇಲಿಯ ಧ್ವನಿ ಮಾಡಿ ನಕ್ಕಿದ್ದೆನಲ್ಲ. ಅರ್ಧ ಮನೆಯಷ್ಟು ಇಲಿಯಾದರೆ ಅದನ್ನು ಹೊಳಪು ಎಂದು ತಿಳಿಯುತ್ತೇವೆಂದು ಗೊತ್ತಿರಲಿಲ್ಲ. ಹದಿನೇಳನೆಯ ಪುಟಕ್ಕೆ ತಿರುಗಿಸಿ, ನನ್ನ ಕೆಂಪು ಐವತ್ತೊಂದನ್ನೂ ಅಂಚಿನ ಪೆನ್ಸಿಲಿನ ಸಾಲನ್ನೂ ಎಷ್ಟೋ ಹೊತ್ತು ನೋಡಿದೆ.

ಸಂಜೆ ಅಪ್ಪ ಬಂದ ಕೂಡಲೇ ಎರಡೂ ಡೈರಿ ತೋರಿಸಿದೆ. ಅಪ್ಪ ಗುಮಾಸ್ತರು, ಒಂದು ಕಡೆಯ ಲೆಕ್ಕ ನೋಡಿ ಒಪ್ಪುವವರಲ್ಲ.

“ಹಳೇ ಡಬ್ಬಾನೇ ನಿಧಾನ ಓಡ್ತಿತ್ತೇನೋ? ಹೊಸದೇ ಸರಿ ಇರಬಹುದಲ್ಲ?”

ಅದು ನನಗೆ ಹೊಳೆದಿರಲಿಲ್ಲ. ಹಳೆಯದು ಊರು ಸೇರಿ ನೂರು ದಿನ ದಾಟಿತ್ತು. ಇವೆರಡರಲ್ಲಿ ಯಾವುದು ಸರಿ ಎಂದು ಹೇಳಬಲ್ಲವರು ಒಬ್ಬರೇ. ಟೀಚರು ನಿಜವಾಗಿ ಯಾವ ಶ್ರುತಿಗೆ ಹಾಡುತ್ತಾರೆ?

“ಫೋನ್ ಮಾಡಿ ಕೇಳೋಣ,” ಎಂದೆ.

ಅಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. “ಬೇಡ. ಕಾಗದ ಬೇರೆ ಹೋಗಿದೆ. ಈಗ ಫೋನ್ ಮಾಡಿ, ನೀವು ಯಾವ ಶ್ರುತಿಗೆ ಹಾಡ್ತೀರಿ ಅಂತ ಆ ವಯಸ್ಸಿನವರನ್ನ ಕೇಳೋದಾ? ಕೈಲಾಗದೇ ಇದ್ದಿದ್ದಕ್ಕೆ ಅವರ ಮೇಲೆ ತಪ್ಪು ಹೊರಿಸಿದ ಹಾಗಾಗುತ್ತೆ.”

“ನೀನು ಕೇಳ್ಬೇಡ. ನಾನು ಕೇಳ್ತೀನಿ. ನಾನೇನು ಅವರ ಶಿಷ್ಯಳಲ್ಲ.”

ಅಪ್ಪ ನಕ್ಕರು. ಅಮ್ಮ ನಗಲಿಲ್ಲ. ಆದರೆ ಬೇಡ ಎಂದು ಇನ್ನೊಂದು ಸಲ ಹೇಳಲೂ ಇಲ್ಲ.

ಮಾರನೆಯ ದಿನ ಶುಕ್ರವಾರ, ಫೋನಿನ ದರ ಕಡಿಮೆ. ಬೆಳಿಗ್ಗೆ ಹತ್ತಕ್ಕೆ ಅಪ್ಪ ನಂಬರು ತಿರುಗಿಸಿ ರಿಸೀವರನ್ನು ನನ್ನ ಕೈಗಿಟ್ಟು, ಎಲ್ಲರಿಗೂ ಕೇಳಲೆಂದು ಫೋನಿನ ಸ್ಪೀಕರು ಗುಂಡಿ ಒತ್ತಿದರು. ನಾನು ಯಾರೆಂದು ಹೇಳಿದೆ. ನಮಸ್ಕಾರ ಎಂದೆ. ಆಮೇಲೆ ಒಂದೇ ಉಸಿರಿಗೆ, “ನೀವು ಕ್ಯಾಸೆಟ್ಟಲ್ಲಿ ಐದು ಮನೆಗೆ ಹಾಡಿದೀರೋ ಐದೂವರೆಗೋ?” ಎಂದುಬಿಟ್ಟೆ.

“ಐದೂವರೆನಾ? ಅಯ್ಯೋ ರಾಮ, ಈ ಅರವತ್ತೇಳರಲ್ಲಿ ಐದೇ ಕಷ್ಟ ಮಗು! ನನ್ನ ತಂಬೂರಿ ತಂತಿ ಐದರಿಂದ ಕದಲಿಸಿ ಹತ್ತು ವರ್ಷ ಆಯ್ತು. ಯಾಕೆ?”

ಅಮ್ಮ ಗೋಡೆಗೆ ಒರಗಿ ನಿಂತಿದ್ದವರು ಮೆಲ್ಲನೆ ಕೆಳಗೆ ಕೂತರು.

“ಅಮ್ಮ ಐದೂವರೆಗೆ ಹಾಡ್ತಿದ್ದಾರೆ.”

“ಸುಳ್ಳು ಹೇಳ್ಬೇಡ. ಅವಳು ಹಾಡಿ ಕಳಿಸಿದ್ದು ನನ್ನ ತಂಬೂರಿಗೆ ಅಂಟಿಸಿದ ಹಾಗೆ ಕೂತಿದೆ, ಐದಕ್ಕೇ. ಅವಳಿಗೆ ಕೊಡು ಫೋನು.”

ಅಮ್ಮ ಕೈಯಲ್ಲೇ ಬೇಡವೆಂದರು. ಅಪ್ಪನೇ ಮುಂದೆ ಬಾಗಿ, ಯಂತ್ರದಲ್ಲಿ ಏನೋ ಎಡವಟ್ಟಾಗಿದೆ, ಸರಿಮಾಡಿಸಿ ಮತ್ತೆ ಫೋನ್ ಮಾಡುತ್ತೇವೆ ಎಂದು ಹೇಳಿ ಇಟ್ಟರು.

ಟೀಚರ ಮಾತು ನನ್ನನ್ನು ಅರ್ಧ ದಿನ ಕೂರಿಸಿತು. ಅಮ್ಮ ಐದೂವರೆಗೆ ಹಾಡಿದ್ದು ಮೈಸೂರಿನಲ್ಲಿ ಐದಾದದ್ದು ಹೇಗೆ? ಮಧ್ಯಾಹ್ನ ಊಟದ ತಟ್ಟೆಯ ಮುಂದೆ ಅದು ಬಿಡಿಸಿಕೊಂಡಿತು. ನಮ್ಮ ಡೆಕ್ಕು ಹಾಡಿಸುವಾಗ ಹೇಗೋ ರೆಕಾರ್ಡ್ ಮಾಡುವಾಗಲೂ ಹಾಗೇ ವೇಗವಾಗಿ ಓಡುತ್ತದೆ. ವೇಗದ ಟೇಪಿನ ಮೇಲೆ ಬಿದ್ದ ಧ್ವನಿಯನ್ನು ಟೀಚರ ಸರಿಯಾದ ಯಂತ್ರ ನಿಧಾನವಾಗಿ ಓಡಿಸುತ್ತದೆ. ಅಮ್ಮ ಏದುಸಿರು ಬಿಟ್ಟು ಏರಿಸಿದ ಅರ್ಧ ಮನೆಯನ್ನು ಅದು ಅಲ್ಲಿ ಸದ್ದಿಲ್ಲದೆ ಇಳಿಸಿಬಿಡುತ್ತಿತ್ತು. ಶ್ರುತಿ ಸರಿ, ಕಾಲಪ್ರಮಾಣ, ಅಂದರೆ ಹಾಡಿನ ವೇಗ, ಸರಿ, ಧ್ವನಿ ಮಾತ್ರ ದಪ್ಪ. ನಮ್ಮ ಮನೆಯಲ್ಲಿ ಟೀಚರು ಚಿಕ್ಕವರಾಗಿದ್ದರು, ಅವರ ಮನೆಯಲ್ಲಿ ಅಮ್ಮನಿಗೆ ವಯಸ್ಸಾಗಿತ್ತು. ನೂರಾ ಆರು ದಿನ, ಇಬ್ಬರಲ್ಲಿ ಒಬ್ಬರೂ ಇನ್ನೊಬ್ಬರ ನಿಜವಾದ ಧ್ವನಿ ಕೇಳಿರಲಿಲ್ಲ.

ಶನಿವಾರ ಸಂಜೆ ಅಪ್ಪನೂ ನಾನೂ ಡೆಕ್ಕನ್ನು ಟವೆಲಿನಲ್ಲಿ ಸುತ್ತಿ ದೇರಾದ ನೈಫ್ ಪೇಟೆಗೆ ಒಯ್ದೆವು. ಗಡಿಯಾರದ ಅಂಗಡಿಗೂ ಬಟ್ಟೆಯಂಗಡಿಗೂ ನಡುವೆ ಒಂದು ಸಂದಿನಷ್ಟು ಜಾಗದಲ್ಲಿ ಉಡುಪಿ ಕಡೆಯವರೊಬ್ಬರು ರೇಡಿಯೋ, ಟೇಪು ರಿಪೇರಿ ಮಾಡುತ್ತಿದ್ದರು. ಒಂದೇ ಸಮನೆ ಪೀ ಎನ್ನುವ ಕ್ಯಾಸೆಟ್ಟೊಂದನ್ನು ಹಾಕಿ, ಮೀಟರು ಚುಚ್ಚಿ ನೋಡಿದರು.

“ಓಹೋ! ಇದಕ್ಕೆ ಊರಿಗೆ ಹೋಗುವ ಅರ್ಜೆಂಟು ಉಂಟು ಮಾರಾಯ್ರೆ. ನೂರಕ್ಕೆ ಆರು ಜಾಸ್ತಿ ಓಡ್ತದೆ. ಷೋಕೇಸಿನ ಪೀಸಾ?”

“ಹೌದು. ಹೇಗೆ ಗೊತ್ತಾಯ್ತು?”

“ಗೊತ್ತಾಗುದೆಂತ, ಕೇಳಿದ್ದು. ಕೆಲವು ಹಾಗೇ ಬರ್ತದೆ. ಕೆಲವನ್ನು ಯಾರಾದ್ರೂ ತಿರುಗಿಸಿರ್ತಾರೆ, ಪಕ್ಕದ್ದಕ್ಕಿಂತ ಚುರುಕು ಕೇಳ್ಲಿ ಅಂತ. ಯಾರು ಅಂತ ಹೇಳ್ಲಿಕ್ಕಾಗುದಿಲ್ಲ.” ಮುಚ್ಚಳ ಬಿಚ್ಚಿ, ಮೋಟರಿನ ಬೆನ್ನಲ್ಲಿದ್ದ ಸಣ್ಣ ತೂತಿಗೆ ಸೂಜಿಯಂಥ ಸ್ಕ್ರೂಡ್ರೈವರು ಇಳಿಸಿ, ಕಾಲು ಸುತ್ತೂ ಇಲ್ಲ, ಅದಕ್ಕಿಂತ ಕಡಿಮೆ ತಿರುಗಿಸಿದರು. “ಖಲಾಸ್.”

“ಎಷ್ಟಾಯ್ತು?” ಎಂದರು ಅಪ್ಪ.

“ಇದಕ್ಕೆಂತ ದುಡ್ಡು? ಚಾ ಕುಡಿಸಿ.”

ಚಹಾ ಕುಡಿಯುತ್ತಾ, ಸ್ಪೀಕರು ಬದಲಾಯಿಸಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. “ಎಂತ ಆಗ್ತದೆ? ಇದೇ ತಪ್ಪು, ಇನ್ನೂ ಚಂದ ಕೇಳ್ತಿತ್ತು,” ಎಂದರು.

ಮನೆಗೆ ಬಂದು ಡೆಕ್ಕು ಜೋಡಿಸಿದೆ. ಅಮ್ಮ ಕ್ಯಾಸೆಟ್ಟನ್ನು ಕಣ್ಣಿಗೊತ್ತಿಕೊಂಡು ಹಾಕಿ ಚಾಪೆಯ ಮೇಲೆ ಕೂತರು. ಸ್ಪೀಕರಿನಿಂದ ಬಂದದ್ದು ಬೇರೆಯೇ ಟೀಚರು. ಸಾವಧಾನ, ಸ್ವಲ್ಪ ಒರಟು, ಸಾಲು ಸಾಲಿನ ನಡುವೆ ಉಸಿರೆಳೆದುಕೊಳ್ಳುವ ವಯಸ್ಸಾದ ಹೆಂಗಸು. ಅಮ್ಮ ಮೊದಲ ಸಾಲಿಗೆ ಹಾಡಲೇ ಇಲ್ಲ, ಸುಮ್ಮನೆ ಕೇಳಿದರು. ಆಮೇಲೆ ಶ್ರುತಿಪೆಟ್ಟಿಗೆಯ ಗುಂಡಿಯನ್ನು ಪೆನ್ಸಿಲ್ ಗೀಟಿಗೆ ತಂದು ನಿಲ್ಲಿಸಿ, ಎದ್ದು ಹೋಗಿ ಏ.ಸಿ. ಹಾಕಿ ಬಂದರು. ಅವತ್ತು ನಾನು ಗೀಟು ಹಾಕಲು ಪೆನ್ನು ತೆಗೆಯಲಿಲ್ಲ. ಆದರೂ ಅವರು ಎಷ್ಟು ಸಲ ನಿಲ್ಲಿಸಿದರೆಂದು ಗೊತ್ತು. ಎರಡು ಸಲ. ಒಂದು ಸಲ ಅಳು ಬಂದದ್ದಕ್ಕೆ.

ಹಾಡು ಮುಗಿದ ಮೇಲೆ, “ಆ ಕಾಗದ ಹೋಗಿಬಿಟ್ಟಿತಲ್ಲ,” ಎಂದರು.

ಅಪ್ಪ ಬ್ಯಾಗು ತೆರೆದು ಲಕೋಟೆಯನ್ನು ಟೀಪಾಯಿಯ ಮೇಲಿಟ್ಟರು. “ಸ್ಟಾಂಪು ಇರಲಿಲ್ಲ.”

“ಆರು ದಿನದಿಂದಾನಾ?”

“ನಮ್ಮ ಆಫೀಸಲ್ಲಿ ಎಲ್ಲಾ ನಿಧಾನ ಕಣೇ. ಡೆಕ್ಕಿನ ಹಾಗಲ್ಲ.”

ಸ್ಪೀಕರಿಗೆಂದು ಎತ್ತಿಟ್ಟ ಆರುನೂರು ಹಾಗೇ ಇತ್ತು. ಅದನ್ನು ಏನು ಮಾಡುವುದೆಂದು ಆಡಿಟರಮ್ಮನನ್ನು ಕೇಳಿದರು. ಈ ಸಲ ನಾನು ಪಟ್ಟಿ ಎಳೆಯಲಿಲ್ಲ. ಅಮ್ಮ ಒಬ್ಬರೇ ಒಂದು ತಿಂಗಳು ಮುಂಚೆ ಊರಿಗೆ ಹೋಗಿ ಟೀಚರ ಎದುರಿಗೇ ಕೂರಲಿ, ಟಿಕೆಟ್ಟಿಗೆ ಸೇರಿಸಿ ಎಂದೆ. ಜೂನ್ ಎರಡರಂದು ಅಮ್ಮ ಹೊರಟರು. ನಮ್ಮ ಶಾಲೆ ಮುಚ್ಚುವವರೆಗಿನ ಇಪ್ಪತ್ತೊಂಬತ್ತು ದಿನ ಅಪ್ಪನೂ ನಾನೂ ಅಡುಗೆ ಮಾಡಿಕೊಂಡೆವು. ಬರೀ ತಿಳಿಸಾರು ಆದ ದಿನಗಳು: ಹದಿನೇಳು.

ಜುಲೈಯಲ್ಲಿ ನಾವು ಮೈಸೂರಿಗೆ ಹೋದಾಗ ಪರೀಕ್ಷೆ ಮುಗಿದಿತ್ತು, ಫಲಿತಾಂಶ ಬಂದಿರಲಿಲ್ಲ. ಅಮ್ಮ ನನ್ನನ್ನು ಟೀಚರ ಮನೆಗೆ ಕರೆದುಕೊಂಡು ಹೋದರು. ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದರು. ಧ್ವನಿ ಮಾತ್ರ ನಾವು ಸರಿಮಾಡಿಸಿಕೊಂಡ ಡೆಕ್ಕಿನದೇ. ಕಾಫಿ ಕೊಟ್ಟು ಅಮ್ಮನನ್ನು ಕೇಳಿದರು, “ಮೂರೂವರೆ ತಿಂಗಳು ಗಂಟಲು ನೋಯಿಸ್ಕೊಂಡೆಯಲ್ಲೇ ಹುಡುಗಿ, ಒಂದು ಸಲ ಕೇಳ್ಬಾರದಿತ್ತಾ?”

“ನೀವೇ ಹಾಗೆ ಹಾಡಿದೀರಿ ಅಂದ್ಕೊಂಡೆ.”

“ನಾನೇ ಹಾಡಿದ್ರೂ ಕೇಳ್ಬೇಕು ಕಣೇ. ನಾನೂ ತಪ್ಪ್‌ತೀನಿ.” ಅಮ್ಮ ತಲೆ ತಗ್ಗಿಸಿ ಕಾಫಿ ಲೋಟ ನೋಡುತ್ತಿದ್ದರು. ಟೀಚರು ನನ್ನ ಕಡೆ ತಿರುಗಿದರು. “ಅಂಕ ಕೊಡೋಳು ನೀನೇ ತಾನೆ? ನಿಮ್ಮಮ್ಮ ಎಲ್ಲಾ ಹೇಳಿದಾಳೆ. ಆ ಅಂಗಡೀಲಿ ಯಾರೂ ಏನೂ ಅನ್ನಲೇ ಇಲ್ವಾ?”

“ಅಂದ್ರು. ನೀವು ಚಿಕ್ಕವರಾದ ಹಾಗಿದೆ ಅಂತ ಅಮ್ಮ ಅಂದ್ರು. ನಾನು ಬರ್ಕೊಂಡೆ.”

“ಬರ್ಕೊಂಡು?”

“ಅಂಕ ಕೊಡ್ಲಿಲ್ಲ.”

ಟೀಚರು ಗಟ್ಟಿಯಾಗಿ ನಕ್ಕರು. ಅಮ್ಮನೂ ನಕ್ಕರು. ನಾನು ಲೋಟ ಕೆಳಗಿಟ್ಟೆ. ಸ್ವಲ್ಪ ಹೊತ್ತಿಗೆ ಟೀಚರು ತಂಬೂರಿ ತೆಗೆದು ಮೀಟಿದರು. ಅಮ್ಮ ಅವರ ಎದುರಿಗೆ ಚಾಪೆಯ ಮೇಲೆ ಕೂತು ಹಾಡಲು ಶುರುಮಾಡಿ, ಎರಡನೆಯ ಸಾಲಿಗೆ ನಿಲ್ಲಿಸಿ, ನನಗೆ ತಿಳಿದಂತೆ ಮೊದಲ ಸಲ, “ಟೀಚರೇ, ತಂತಿ ಒಂದು ಕೂದಲೆಳೆ ಇಳಿದಿದೆ ಅನ್ಸುತ್ತೆ,” ಎಂದರು.

ಟೀಚರು ಕಿವಿಗೊಟ್ಟು ಕೇಳಿ, “ಹೌದು,” ಎಂದು ತಂತಿ ಬಿಗಿಮಾಡಿಕೊಂಡರು.